ಬುಟ್ಟಿಗಿಷ್ಟು ಎಂದು ಮಾತು ಕೊಟ್ಟವರು

ನಮ್ಮ ತಾಂಡೇಲನಿಗೆ ಒಂದು ಕಾಲು ಬೇಕಿತ್ತು. ಬಲೆ ದೋಣಿಯ ಮುಖ್ಯಸ್ಥನನ್ನು ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಬೇಲೆಕೇರಿಯ ದಂಡೆಯಲ್ಲಿ ನಿಂತು, ನೀರಿನ ಬಣ್ಣ ನೋಡಿಯೇ ಮೀನಿನ ಹಿಂಡು ಎಲ್ಲಿದೆ ಎಂದು ಹೇಳುವ ಕಣ್ಣು ಅವನದು. ಟ್ರಾಲರಿನ ಹಗ್ಗಕ್ಕೆ ಸಿಕ್ಕಿ ಬಲಗಾಲು ಮೊಣಕಾಲಿನ ಕೆಳಗೆ ಹೋದ ಮೇಲೆ ಅವನು ಮನೆಯ ಜಗಲಿ ಇಳಿದಿರಲಿಲ್ಲ. ಒಳ್ಳೆಯ ಕೃತಕ ಕಾಲು ಹಾಕಿಸಿದರೆ ಮತ್ತೆ ದೋಣಿ ಹತ್ತಬಹುದು ಎಂದಿದ್ದರು ಡಾಕ್ಟರು. ಅದರ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಊರವರಿಂದ ವರ್ಗಣಿ ಎತ್ತೋಣವೆಂದರೆ ಅವನು ಒಪ್ಪಬೇಕಲ್ಲ.

“ನನ್ನ ಹೆಸರಲ್ಲಿ ಯಾರಾದ್ರೂ ಡಬ್ಬಿ ಹಿಡ್ಕಂಡು ಬಸ್‌ಸ್ಟ್ಯಾಂಡಿಗೆ ಹೋದ್ರೆ, ಇದ್ದ ಒಂದೇ ಕಾಲಲ್ಲಿ ಬಂದು ಒದಿತೆ,” ಎಂದುಬಿಟ್ಟ.

ಆ ಮಾತು ನನಗೆ ತಪ್ಪೆನಿಸಲಿಲ್ಲ. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಅವನ ಬಲೆಯ ಹಗ್ಗ ಹಿಡಿದವನು. ಮನೆ ಕಟ್ಟಿದ್ದು, ತಂಗಿಯ ಮದುವೆ ಮಾಡಿದ್ದು ಎಲ್ಲ ಈ ಕೈಯಿಂದಲೇ. ದುಡಿಯದೆ ಬಂದ ದುಡ್ಡು ನನಗೂ ಆಗಿಬರುವುದಿಲ್ಲ.

ದಾರಿ ತೋರಿಸಿದವರು ನಮ್ಮೂರಿನ ಶಾಲೆಯಲ್ಲಿ ಕಲಿಸುವ ಅಕ್ಕೋರು. ದೊಡ್ಡ ಪೇಟೆಗಳಲ್ಲಿ ಒಳ್ಳೆಯ ಕೆಲಸಕ್ಕಾಗಿ ಜನ ಓಡುತ್ತಾರಂತೆ. ಓಡಿದ ಕಿಲೋಮೀಟರಿಗೆ ಇಷ್ಟು ಕೊಡುತ್ತೇವೆಂದು ಬೇರೆಯವರು ಮೊದಲೇ ಮಾತು ಕೊಟ್ಟಿರುತ್ತಾರಂತೆ.

“ನಾವು ಓಡಿದ್ರೆ ನಾಯಿ ಬೆನ್ನು ಹತ್ತತದೆ ಅಕ್ಕೋರೆ,” ಎಂದೆ ನಾನು. “ಬಲೆ ಎಳೆಯುವಾ. ಬುಟ್ಟಿಗಿಷ್ಟು ಅಂತ ಮಾತು ಕೊಡ್ಲಿ.”

ಜಗಲಿಗೆ ಹೋಗಿ ತಾಂಡೇಲನಿಗೆ ಹೇಳಿದೆವು. “ಎಳೆದು ತಂದದ್ದಾದ್ರೆ ಸರಿ. ಆದ್ರೆ ಬಲೆ ಎಲ್ಲಿ ಬಿಡೂದು ಅಂತ ಹೇಳೂದು ನಾನು.”

ಆಮೇಲೆ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಬೈಕು ಹತ್ತಿ ಕಾರವಾರದ ಮೀನುಪೇಟೆ ಸುತ್ತಿದೆ, ಅಂಕೋಲೆಯ ಅಂಗಡಿಗಳನ್ನೆಲ್ಲ ಹೊಕ್ಕು ಬಂದೆ. ಕೈಗಾದ ಅಣು ವಿದ್ಯುತ್ ಕಂಪನಿಯ ಬಸ್ಸಿಗೆ ಕಾಯುವವರನ್ನೂ ಬಿಡಲಿಲ್ಲ. ಅಗಸೂರಿನ ಕಡೆ ಅಡಿಕೆ ತೋಟದ ಭಟ್ಟರೊಬ್ಬರು ನಕ್ಕು, “ಮೀನಿನ ವಾಸನೆ ನಂಗೆ ಆಗೂದಿಲ್ಲ. ಬುಟ್ಟಿ ಎಷ್ಟಾತು ಹೇಳಿ ಫೋನ್ ಮಾಡು, ಸಾಕು,” ಎಂದರು. ಎಲ್ಲರಿಗಿಂತ ದೊಡ್ಡ ಮಾತು ಕೊಟ್ಟವರು ಮೀನಿಗೆ ಹಾಕುವ ಬರ್ಫದ ಕಾರ್ಖಾನೆಯ ಸಾವಕಾರರು. ಆದರೆ ಒಂದು ಷರತ್ತು. “ಕಣ್ಣಾರೆ ಕಂಡ ಬುಟ್ಟಿಗೆ ಕೊಡ್ತೆ. ಬಾಯಲ್ಲಿ ಹೇಳಿದ ಬುಟ್ಟಿಗಲ್ಲ.” ಅವರು ಎಣಿಸಿದಷ್ಟು ಬುಟ್ಟಿಗೇ ತಾವೂ ಕೊಡುವುದೆಂದು ಉಳಿದವರೂ ಒಪ್ಪಿದರು.

ಗೊತ್ತು ಮಾಡಿದ ಭಾನುವಾರ ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಾಂಡೇಲನನ್ನು ಮರಳಿನ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು. ಹೆಗಲ ಮೇಲೆ ಕೆಂಪು ಟವೆಲು, ಕಣ್ಣು ನೀರಿನ ಮೇಲೆ. ಬಿಸಿಲೇರಿದರೂ ಅವನು ಅಲ್ಲಾಡಲಿಲ್ಲ.

“ತಾಂಡೇಲಾ, ಮೀನಿಗೂ ಇವತ್ತು ರಜೆಯಾ?” ಎಂದು ಯಾರೋ ಕೂಗಿದರು.

“ರಜೆ ನಿನ್ನ ನಾಲಿಗೆಗೆ ಕೊಡು.”

ಅಷ್ಟರಲ್ಲಿ ಟವೆಲು ಮೇಲೆದ್ದಿತು. ದೋಣಿ ಹಾರಿದಂತೆ ಹೋಗಿ, ಅವನು ಟವೆಲು ಬೀಸಿದ ಕಡೆಗೆ ಅರ್ಧ ಚಂದ್ರದ ಹಾಗೆ ಬಲೆ ಇಳಿಸಿತು. ಎರಡೂ ತುದಿಯ ಹಗ್ಗ ದಂಡೆಗೆ ಬಂತು. ನಾನು ಎಡಗಡೆಯ ಮುಂಚೂಣಿಯಲ್ಲಿದ್ದೆ. ಹಿಂದೆ ಊರಿಗೆ ಊರೇ. ಹಗ್ಗ ಭಾರವಾಗುತ್ತ ಬಂತು. ಇಷ್ಟು ಭಾರ ಬರಿಯ ನೀರಿನದಲ್ಲ ಎಂದು ಅಂಗೈಗೆ ಗೊತ್ತಾಗುತ್ತದೆ. ಬಲೆಯ ಹೊಟ್ಟೆ ಮರಳಿಗೆ ತಾಗಿದಾಗ ಬೆಳ್ಳಿಯ ರಾಶಿ ಕುಣಿಯುತ್ತಿತ್ತು. ಎಲ್ಲ ಬಂಗಡೆ. ಜನ ಕುಣಿದರು, ನಾನೂ ಕುಣಿದೆ.

ಆ ಕುಣಿತದಲ್ಲೇ ಎಡವಟ್ಟಾಯಿತು. ಹಗ್ಗಕ್ಕೆ ಕೈ ಹಚ್ಚಿದವರು ಯಾರೇ ಇರಲಿ, ಅವರಿಗೆ ಪಾಲು ಕೊಡುವುದು ನಮ್ಮ ದಂಡೆಯ ಪದ್ಧತಿ. ಅದೂ ಬಲೆಯಿಂದ ನೇರವಾಗಿ, ಉಳಿದ ಎಲ್ಲಕ್ಕಿಂತ ಮೊದಲು. ಪಾಲು ಹಂಚುವ ಅಜ್ಜಿ ಎಂದಿನಂತೆ ಬೊಗಸೆ ಬೊಗಸೆಯಾಗಿ ಹಂಚಿಬಿಟ್ಟಳು. ಚಾ ಕುಡಿಯಲು ಹೋಗಿದ್ದ ಸಾವಕಾರರು ತಿರುಗಿ ಬರುವಷ್ಟರಲ್ಲಿ ಎಲ್ಲರ ಚೀಲವೂ ತುಂಬಿತ್ತು, ಅಳತೆಗೆ ಇಟ್ಟ ಬುಟ್ಟಿಗಳ ತಳ ಮುಚ್ಚಿರಲಿಲ್ಲ. ಎಂದೂ ಇಷ್ಟು ಜನ ಹಗ್ಗ ಹಿಡಿದಿರಲಿಲ್ಲವಲ್ಲ.

“ಬುಟ್ಟಿಯೇ ಕಾಣ್ತಿಲ್ಲಲ್ಲ ಮಾರಾಯಾ,” ಎಂದರು ಸಾವಕಾರರು.

ಲೆಕ್ಕ ಬರೆಯಲು ಕುಳಿತಿದ್ದ ಅಕ್ಕೋರು ಪೆನ್ನು ಹಿಡಿದು ನನ್ನ ಮುಖ ನೋಡಿದರು. ಕೊಟ್ಟ ಪಾಲನ್ನು ತಿರುಗಿ ಕೇಳುವಷ್ಟು ನಾಚಿಕೆಗೇಡು ಇನ್ನೊಂದಿಲ್ಲ.

“ಕೇಳ್ಬೇಡ ತಮಾ,” ಎಂದ ತಾಂಡೇಲ. “ಅವ್ರು ಎಳೆದದ್ದು, ಅವ್ರದ್ದು. ನನ್ನ ಕಾಲಿನ ಕತೆ ಬಿಡು.”

ಅಜ್ಜಿ ಸೊಂಟಕ್ಕೆ ಕೈಯಿಟ್ಟು ಅವನನ್ನೇ ನೋಡಿದಳು. ಆಮೇಲೆ ತನ್ನ ಪಾಲನ್ನು ತಂದು ಬುಟ್ಟಿಗೆ ಸುರಿದಳು. “ನಾ ಯಾರಿಗೂ ಕೊಡ್ತಿಲ್ಲ. ಅಳತೆಗೆ ಇಡೂದು. ಅಳತೆ ಆದ್ಮೇಲೆ ನಂದು ನಂಗೆ.”

ಅದನ್ನು ಕೇಳಿದ್ದೇ ತಡ, ಚೀಲಗಳು ಬಾಯಿ ಬಿಚ್ಚಿದವು. ಸಾಲು ದೋಣಿಯವರೆಗೆ ಬೆಳೆಯಿತು. ಕೈಗಾ ಬಸ್ಸಿಗೆಂದು ರಸ್ತೆಗೆ ಹೋಗಿದ್ದವರು ಚೀಲ ಎತ್ತಿಕೊಂಡು ಓಡಿಬಂದರು. ನನ್ನ ಹೆಂಡತಿ ಮನೆಯಿಂದ ಬೋಗುಣಿಯನ್ನೇ ತಂದಳು. “ತಲೆ ತೆಗೆದ ಮೀನು ಲೆಕ್ಕಕ್ಕೆ ಬತ್ತದ್ಯಾ ಅಕ್ಕೋರೆ?”

ಸಾವಕಾರರು ಪ್ಯಾಂಟು ಮಡಚಿ ಬುಟ್ಟಿಗಳ ನಡುವೆ ಕುಕ್ಕರಗಾಲಲ್ಲಿ ಕುಳಿತರು. ಒಂದೊಂದು ತುಂಬಿದಾಗಲೂ ಅವರೇ ದೊಡ್ಡ ದನಿಯಲ್ಲಿ ಎಣಿಸಿದರು. ಕೊನೆಯ ಬುಟ್ಟಿಗೆ ಮೀನು ಸಾಲದಾದಾಗ ಇದ್ದದ್ದನ್ನು ಕೈಯಲ್ಲೇ ಹರಡಿ, “ತುಂಬಿತು, ಬರ್ಕಳಿ,” ಎಂದರು. ಅಜ್ಜಿ ಮಾತ್ರ ಬಿಡಲಿಲ್ಲ. “ಎಣಿಸಿದ್ರೆ ಪಾಲಿಲ್ಲ ಸಾವಕಾರ್ರೆ. ಮುಂದಿನ ಸಲ ಹಗ್ಗ ಹಿಡೀರಿ.”

ಅಳತೆ ಮುಗಿದು ಎಲ್ಲರೂ ತಮ್ಮ ತಮ್ಮ ಪಾಲು ಹೊತ್ತು ಹೋದರು. ಮಾತು ಕೊಟ್ಟವರು ಮಾತು ಉಳಿಸಿಕೊಂಡರು, ಭಟ್ಟರು ಫೋನಿನಲ್ಲೇ.

ಕಾಲು ಬಂತು. ಆಸ್ಪತ್ರೆಯ ನುಣ್ಣನೆಯ ನೆಲದ ಮೇಲೆ ತಾಂಡೇಲ ಮದುಮಗನ ಹಾಗೆ ನಡೆದಿದ್ದ. ದಂಡೆಯ ಮರಳು ಬೇರೆ. ಮೊದಲ ದಿನ ನಾಲ್ಕು ಹೆಜ್ಜೆಗೇ ಕಾಲು ಹೂತು ಮಗುಚಿಬಿದ್ದ. ನಾನು ಓಡಿ ಕೈ ಚಾಚಿದೆ.

“ಮುಟ್ಟಬೇಡ,” ಎಂದ. ಮೀಸೆಗೆ ಮರಳು ಮೆತ್ತಿತ್ತು. ತಾನೇ ಎದ್ದ. ಮತ್ತೆ ಬಿದ್ದ, ಮತ್ತೆ ಎದ್ದ. ದೋಣಿಯ ಅಂಚು ಕೈಗೆ ಸಿಕ್ಕಿದ್ದೇ ಆ ಕಾಲನ್ನು ಎತ್ತಿ ಒಳಗಿಟ್ಟು, ಹತ್ತಿ ಕುಳಿತು, ನಮ್ಮ ಕಡೆ ತಿರುಗಿದ.

“ಎಂತ ನೋಡ್ತಾ ನಿಂತ್ರಿ? ನೂಕಿ.”

ನೂಕಿದೆವು.