ಕೆಂಪು ಸಾಲನ್ನು ಬಿಡದ ಜಿವ್ಕಕ್ಕ

ಪ್ಲೊವ್ದಿವ್ ಊರಿನ ನಮ್ಮ ಕಚೇರಿಯಲ್ಲಿ ಜಿವ್ಕಕ್ಕನಿಗಿಂತ ಹಟಮಾರಿ ಯಾರೂ ಇರಲಿಲ್ಲ. ಹಿಡಿದರೆ ಉಡದ ಪಟ್ಟು. ನಾವು ಊರೂರಿನ ನೀರಿನ ಪಂಪ್‌ಮನೆಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಅದರ ಕೈಪಿಡಿ ಮಾಡುವುದು ಅವಳ ಕೆಲಸ.

ಅವಳ ಅಸ್ತ್ರ ಒಂದೇ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಸಾಲಿನ ಆಜ್ಞೆ ಬರೆದು ಎಂಟರ್ ಒತ್ತುವಳು. ಕೋಡಿನ ಪ್ರತಿ ತುಂಡಿನ ಮೇಲೆ ಬರೆದವರು ಇಟ್ಟ ವಿವರಣೆಗಳನ್ನು ಆಯ್ದು ಒಂದು ಸಾಫ್ಟ್‌ವೇರ್ ಉಪಕರಣ ತಾನೇ ಕೈಪಿಡಿಯ ಪುಸ್ತಕ ಜೋಡಿಸುತ್ತಿತ್ತು. ವಿವರಣೆಯಿಲ್ಲದ ತುಂಡು ಸಿಕ್ಕರೆ ಕೆಂಪು ಸಾಲು ಉಗುಳಿ ನಿಲ್ಲುತ್ತಿತ್ತು. ಆಮೇಲೆ ಯಾರು ಬೇಡಿಕೊಂಡರೂ ಜಿವ್ಕಕ್ಕ ಪುಸ್ತಕ ಬಿಡುತ್ತಿರಲಿಲ್ಲ.

ಅವಳು ಚಾಪೆಯ ಕೆಳಗೆ ತೂರಿದರೆ ನಮ್ಮ ಹುಡುಗರು ರಂಗೋಲಿಯ ಕೆಳಗೆ ತೂರುವವರು. ವಿವರಣೆಯ ಜಾಗದಲ್ಲಿ ಬರೀ ಒಂದು ಚುಕ್ಕೆ ಇಟ್ಟರು. ಉಪಕರಣಕ್ಕೆ ತೃಪ್ತಿಯಾಯಿತು, ಜಿವ್ಕಕ್ಕನಿಗೆ ಆಗಲಿಲ್ಲ. ಎಲ್ಲರಿಗಿಂತ ಹಿರಿಯನಾದ ದೊಬ್ರಿಯಂತೂ, ಪಂಪು ನಿಂತ ಮೇಲೆ ಮತ್ತೆ ಶುರುವಾಗುವ ಮುನ್ನ ಸ್ವಲ್ಪ ಹೊತ್ತು ಕಾಯುವಂತೆ ಮಾಡುವ ಕೋಡಿನ ತುಂಡಿನ ಮೇಲೆ ಹೀಗೆ ಬರೆದಿದ್ದ: ‘ಕೆಲಸ ಮಾಡುತ್ತಿದೆ. ಮುಟ್ಟಬೇಡಿ.’ ಒಂದು ಬೆಟ್ಟದ ಊರಿನ ಪಂಪ್‌ಮನೆಯವರಿಗೆ ಕೊಡಬೇಕಾದ ಪುಸ್ತಕದಲ್ಲಿ ಒಂದು ಇಡೀ ಪುಟಕ್ಕೆ ಅಷ್ಟೇ ಬಂದಿತ್ತು!

“ದೊಬ್ರಿ ಅಣ್ಣ, ಯಾಕೆ ಕಾಯುತ್ತೆ ಅಂತ ಬರಿ,” ಎಂದಳು ಜಿವ್ಕಕ್ಕ.

“ನಾನಿರೋವಾಗ ನಿನಗ್ಯಾಕೆ ಮಾರಾಯ್ತಿ? ಅನುಮಾನ ಬಂದ್ರೆ ಪಂಪ್‌ಮನೆಯವರು ನನಗೇ ಫೋನ್ ಮಾಡ್ತಾರೆ.”

ಮಾಡುತ್ತಿದ್ದರು, ನಿಜ. ಈಸ್ಟರ್ ಊಟದ ನಡುವೆ ಮಾಡುತ್ತಿದ್ದರು, ಮೊಮ್ಮಗಳ ನಾಮಕರಣದಲ್ಲೂ ಮಾಡಿದ್ದರು. ತನ್ನ ಕೋಳಿ ಕೂಗಿದರಷ್ಟೇ ಬೆಳಗಾಗುತ್ತದೆ ಎಂದುಕೊಂಡ ಅಜ್ಜಿಯ ಹಾಗೆ ದೊಬ್ರಿ. ಆದರೆ ಒಳಗಿದ್ದದ್ದು ಜಂಬವಲ್ಲ, ಭಯ. ಬರೆದುಕೊಟ್ಟ ಮರುದಿನ ಮನೆಗೆ ಕಳಿಸುತ್ತಾರೆ ಎಂಬ ಭಯ. ಅರವತ್ತು ದಾಟಿದವನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ನನಗೆ ಅವನ ಮೇಲೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ ಎನ್ನುತ್ತಿತ್ತು.

ಪುಸ್ತಕ ಕೊಡುವ ದಿನ ಹತ್ತಿರ ಬಂತು. ಶನಿವಾರ ಜಿವ್ಕಕ್ಕ ನನ್ನನ್ನೂ ಎಳೆದುಕೊಂಡು ಅವನ ಮನೆಗೆ ಹೊರಟಳು. ಮೆಣಸಿನಕಾಯಿ ಸುಡುವ ಕಾಲ. ಬೀದಿಯಿಡೀ ಸುಟ್ಟ ಸಿಪ್ಪೆಯ ವಾಸನೆ. ದೊಬ್ರಿ ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಸುಟ್ಟು ಚಳಿಗಾಲಕ್ಕೆ ಲ್ಯುತೆನಿತ್ಸಾ ಚಟ್ನಿ ಕಾಯಿಸುತ್ತಿದ್ದ. ಜಿವ್ಕಕ್ಕ ಪಕ್ಕದಲ್ಲಿ ಕೂತು ಸಿಪ್ಪೆ ಬಿಡಿಸತೊಡಗಿದಳು.

“ಬರೆಸೋಕೆ ಬಂದಿದ್ರೆ ಎದ್ದು ಹೋಗು,” ಎಂದ ದೊಬ್ರಿ.

“ಬರೆಸೋಕೇ ಬಂದಿರೋದು. ಹೋಗಲ್ಲ.”

ಅವನು ನಕ್ಕು, ಸೌಟಿನ ತುದಿಯಲ್ಲಿ ರುಚಿ ನೋಡಿ ಮುಖ ಹಿಂಡಿದ. “ಈ ಸಲಾನೂ ಆ ರುಚಿ ಬಂದಿಲ್ಲ. ನಾಲ್ಕು ವರ್ಷದಿಂದ ಹೀಗೇ. ನನ್ನ ಹೆಂಡ್ತಿ ಸ್ತೋಯಾಂಕಾ ಏನೋ ಹಾಕ್ತಿದ್ಲು. ಬದುಕಿದ್ದಾಗ ಕೇಳಿದ್ರೆ, ‘ನಾನಿರೋವಾಗ ನಿನಗ್ಯಾಕೆ’ ಅಂತಿದ್ಲು.”

ಸೌಟು ಕೈಯಲ್ಲೇ ಉಳಿಯಿತು. ಜಿವ್ಕಕ್ಕ ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡಳು.

ಮತ್ತೆ ಚಟ್ನಿ ಕಲಕುತ್ತಾ ಅವನೇ ಕೇಳಿದ: “ಬರೆದ್ಮೇಲೆ ನನ್ನ ಓಡಿಸಿದ್ರೆ?”

“ಓಡಿಸಲ್ಲ ಅಂತ ಮಾತು ಕೊಡೋಕೆ ನಾನು ಯಜಮಾನಿ ಅಲ್ಲ. ಓಡಿಸೋಕೆ ಬಂದ್ರೆ ಮೊದಲು ನನ್ನ ದಾಟಿ ಬರಬೇಕು, ಅಷ್ಟೇ.”

ಸೋಮವಾರ ದೊಬ್ರಿ ಚುಕ್ಕೆ ಇಟ್ಟ ಹುಡುಗರನ್ನು ಬೈಯುತ್ತಲೇ ಬರೆದ: ‘ಪಂಪು ನಿಂತಾಗ ಬೆಟ್ಟದ ಮೇಲಿನ ನೀರು ಹಿಂದಕ್ಕೆ ಬಂದು ಗುದ್ದುತ್ತದೆ. ಆ ಹೊಡೆತ ಅಡಗುವ ಮುನ್ನ ಪಂಪು ಶುರು ಮಾಡಿದರೆ ಕೊಳವೆ ಸೀಳಿಹೋಗುತ್ತದೆ. ಆದ್ದರಿಂದ ಕಾಯಬೇಕು.’ ಹುಡುಗರೂ ಚುಕ್ಕೆ ಅಳಿಸಿ ವಿವರಣೆ ಬರೆದ ಮೇಲೆ ಜಿವ್ಕಕ್ಕ ಎಂಟರ್ ಒತ್ತಿದಳು. ಒಂದೂ ಕೆಂಪು ಸಾಲು ಬರಲಿಲ್ಲ, ಪುಸ್ತಕ ಬೆಟ್ಟದ ಊರಿಗೆ ಹೋಯಿತು.

ಅವನನ್ನು ಯಾರೂ ಓಡಿಸಲಿಲ್ಲ. ಆದರೆ ಜಿವ್ಕಕ್ಕ ಅವನಿಂದ ರಜೆಯ ಅರ್ಜಿ ಬರೆಸಿ, ಬುರ್ಗಾಸ್‌ನಲ್ಲಿರುವ ಮಗಳ ಮನೆಗೆ ಬಸ್ಸು ಹತ್ತಿಸಿದಳು. ಎರಡು ದಿನವೂ ಆಗಿರಲಿಲ್ಲ, ಜಿವ್ಕಕ್ಕನಿಗೆ ಅವನದೇ ಫೋನ್ ಬಂತು.

“ಪಂಪ್‌ಮನೆಯವರು ನನಗೆ ಫೋನೇ ಮಾಡಿಲ್ಲ. ಏನಾಯ್ತು?” ದನಿಯಲ್ಲಿ ಗಾಬರಿ.

“ಪಂಪು ಕಾಯ್ತಿದೆ, ಕೆಟ್ಟಿದೆಯಾ ಅಂತ ನನಗೆ ಮಾಡಿದ್ರು. ನಿನ್ನ ಪುಟ ಓದಿ ಅಂದೆ. ಓದಿ, ಕೈ ಕಟ್ಕೊಂಡು ಕೂತ್ರಂತೆ. ಆಮೇಲೆ ತಾನಾಗೇ ಶುರುವಾಯ್ತು.”

ಆ ಕಡೆ ಮಗುವೊಂದು ತಾತನನ್ನು ಕರೆಯುವುದು ಕೇಳಿಸಿತು.

“ಹಾಗಾದ್ರೆ,” ಎಂದ ದೊಬ್ರಿ, “ಭಾನುವಾರದವರೆಗೂ ಇರ್ತೀನಿ ಅಂತ ಮೊಮ್ಮಗಳಿಗೆ ಹೇಳ್ಬಿಡ್ತೀನಿ.”