ಕಣ್ಣು ಮುಚ್ಚಿದರೆ ಕಾಣುವ ಹೋರಿ

ಬೆಳಿಗ್ಗೆ ಸೊಸೆ ಕಬ್ಬಿನ ತುಂಡೊಂದನ್ನು ಕೈಗಿತ್ತಳು. ಹಲ್ಲಿಲ್ಲದವನಿಗೆ ಅದರಿಂದೇನು ಪ್ರಯೋಜನ, ನೀವೇ ಹೇಳಿ. ಸುಮ್ಮನೆ ಮೂಸಿದೆ, ಕೆಂಚಮಾವನ ನೆನಪಾಯಿತು.

ಕೆಂಚಮಾವ ನನ್ನ ತಾಯಿಯ ತಮ್ಮ. ಮಲೆಯಾಚೆ ಬಿಳಿ ದೊರೆಗಳು ಅಣೆಕಟ್ಟು ಕಟ್ಟಿಸುತ್ತಿದ್ದ ಕಾಲದಲ್ಲಿ, ತಮಿಳು ಸೀಮೆಯ ಕಂಬಂ ಊರಿನ ನಮ್ಮ ಕುಲದ ದೇವರ ಮಂದೆಯನ್ನು ಬೆಟ್ಟದಲ್ಲಿ ಮೇಯಿಸುತ್ತಿದ್ದವನು ಅವನೇ. ಆ ಹಸುಗಳ ಹಾಲು ಮಾರುವಂತಿಲ್ಲ, ಹೋರಿಗಳಿಗೆ ನೊಗ ಹೂಡುವಂತಿಲ್ಲ. ಮಂದೆಯ ಮುಂದೆ ಕಬ್ಬಿನ ಕಟ್ಟು ಇಟ್ಟಾಗ ಮೊದಲು ಬಾಯಿ ಹಾಕಿದ ಹೋರಿಗೆ ಪಟ್ಟ. ಅದನ್ನು ಕಾಯುವ ಕೋಲು ಮಾವನ ಕೈಯಲ್ಲಿತ್ತು. ಹೆಂಡತಿ ಮಕ್ಕಳಿಲ್ಲದ ಅವನಿಗೆ ಸಂಸಾರವೆಂದರೆ ಆ ಕೋಲೇ.

ಒಮ್ಮೆ ಪಟ್ಟದ ಹೋರಿ ಕಾಣೆಯಾಯಿತು. ಊರೂರಿಗೆ ಹೇಳಿಕಳಿಸಲು ಗುರುತು ಬೇಕಲ್ಲ, ಕುಲದ ಹಿರಿಯರಾದ ಗೌಡರು ಮಾವನನ್ನು ಕೂರಿಸಿಕೊಂಡರು.

“ಕಣ್ಣ ಮುಚ್ಚಿ ನೋಡಿ ಹೇಳು ಕೆಂಚಾ, ಯಾವ ಕೊಂಬು ಬಾಗಿತ್ತು?”

“ಕಣ್ಣ ಮುಚ್ಚಿದ್ರೆ ಕತ್ತಲೇ ಅಣ್ಣಾ. ನಿಮಗೇನಾರ ಕಾಣುತ್ತಾ?”

“ಪೊಯ್ ಹೇಳ್ಬೇಡ, ಸುಳ್ಳಾಡ್ಬೇಡ. ದಿನಾ ಮೇಯ್ಸೋನಿಗೆ ಕಾಣ್ದೆ ಇರುತ್ತಾ?”

“ಪೊಯ್ ಅಲ್ಲಣ್ಣಾ. ನಮ್ಮವ್ವನ ಮೊಕಾನೂ ಬರಲ್ಲ.”

ಇದನ್ನು ಯಾರು ನಂಬಿಯಾರು? ಅನುಮಾನವಂತೂ ನನ್ನ ಹುಟ್ಟುಗುಣ; ಹಾಲಿಗೆ ನೀರು ಬೆರೆತಿದೆಯೇ ಎಂದು ಕರೆಯುವ ಹಸುವನ್ನೇ ವಿಚಾರಿಸುವ ಪೈಕಿ ನಾನು. ಹೊಸದಾಗಿ ಮದುವೆಯಾಗಿ ಮೀಸೆ ತಿರುವುತ್ತಿದ್ದವನು, ಕಣ್ಣು ಮುಚ್ಚಿ ಎಡಗೊಂಬು ಎಂದೆ. ಅಷ್ಟು ಚೆನ್ನಾಗಿ ಕಂಡಿತ್ತು. ಗೌಡರಿಗೆ ಬಲಗೊಂಬು ಕಂಡಿತು. ನಮ್ಮಿಬ್ಬರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಬತ್ತಲಗುಂಡಿನ ಸಂತೆಗೆ ಅಂಥದೊಂದು ಹೋರಿ ಬಂದಿದೆಯೆಂದು ಸುದ್ದಿ ಸಿಕ್ಕಿತು. ಹೋದೆವು. ಸಾಲಾಗಿ ಕಟ್ಟಿದ ಹೋರಿಗಳ ಮುಂದೆ ಗೌಡರೂ ನಾನೂ ತಡವರಿಸುತ್ತಿದ್ದಾಗ ಮಾವ ನೆಟ್ಟಗೆ ನಡೆದು ಒಂದರ ಕೊರಳು ತಬ್ಬಿದ. ಅದು ಅವನ ಕೈ ನೆಕ್ಕಿತು. ಅದರ ಎರಡು ಕೊಂಬೂ ನೇರವಾಗಿದ್ದವು.

“ಗುರುತೇ ಗೊತ್ತಿಲ್ಲ ಅಂದೋನು ಹೆಂಗೆ ಹಿಡಿದ? ಇಲ್ಲಿಗೆ ಹೊಡ್ಕೊಂಡು ಬಂದೋನೇ ಇವನು” ಎಂದರು ಗೌಡರು.

“ನೋಡಿದ್ರೆ ಗೊತ್ತಾಯ್ತದೆ ಅಣ್ಣಾ. ನೋಡ್ದೆ ಹೆಂಗೆ ಗೊತ್ತಾಗುತ್ತೆ?”

ಕೋಲನ್ನು ಅಲ್ಲೇ ಕಿತ್ತುಕೊಂಡರು. ವೇದಸಂದೂರಿನ ಕಡೆ ಕೂಲಿಗೆ ಹೋದ ಮಾವ ತಿರುಗಿ ಬರಲಿಲ್ಲ.

ಈಗ ಕಬ್ಬು ಹಿಡಿದು ಕಣ್ಣು ಮುಚ್ಚುತ್ತೇನೆ. ಹೋರಿ ಬರುತ್ತದೆ, ಎಡಗೊಂಬು ಇಂದಿಗೂ ಬಾಗಿದೆ. ಪಕ್ಕದಲ್ಲಿ ಮಾವ ನಿಂತು ನಗುತ್ತಾನೆ. ಕೊಂಬೇ ಸುಳ್ಳಾದ ಮೇಲೆ ಆ ಮುಖವನ್ನು ಹೇಗೆ ನಂಬಲಿ? ನಾಳೆ ಅವನು ಬಾಗಿಲಲ್ಲಿ ನಿಂತರೆ ನಾನು ಗುರುತು ಹಿಡಿಯುತ್ತೇನೋ ಇಲ್ಲವೋ. ಅವನು ಮಾತ್ರ ನೋಡಿದೊಡನೆ ನನ್ನ ಗುರುತು ಹಿಡಿಯುತ್ತಾನೆ.