ಅತ್ತೆಯ ಜಪಾನಿ ಪುಸ್ತಕ

ನಮ್ಮ ಅತ್ತೆ ಅಶ್ವತ್ಥಮ್ಮನವರಿಗೆ ಕನ್ನಡ ಕೂಡಿಸಿಕೊಂಡು ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಆದರೂ ಜಪಾನಿನ ಮಾಂಗಾ ಪುಸ್ತಕಕ್ಕೆ ಅವರಷ್ಟು ದೊಡ್ಡ ಅಭಿಮಾನಿ ಈ ವೈಟ್‌ಫೀಲ್ಡ್‌ನಲ್ಲಿ ಇನ್ನೊಬ್ಬರಿದ್ದರೆ ನನಗೆ ತೋರಿಸಿ.

ಮಾಂಗಾ ಎಂದರೆ ಚಿತ್ರಗಳಲ್ಲೇ ಹೇಳುವ ಕಥೆ. ನಾವು ನಡೆಸುವ ಪಿಜಿ ಹಾಸ್ಟೆಲಿನ ಮೂರನೇ ಮಹಡಿಯಲ್ಲಿದ್ದ ಸಿದ್ಧಾರ್ಥ್ ರೂಮು ಖಾಲಿ ಮಾಡುವಾಗ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ಬಿಟ್ಟುಹೋದ. ರದ್ದಿಗೆ ಹಾಕಲು ಹೊರಟಿದ್ದ ನನ್ನ ಕೈಯಿಂದ ಅತ್ತೆ ಅದನ್ನು ಕಿತ್ತುಕೊಂಡರು. ಮಾತು ಇಂಗ್ಲಿಷಿನಲ್ಲಿದ್ದರೇನು, ಚಿತ್ರ ನೋಡಲು ಯಾರ ಅಪ್ಪಣೆ ಬೇಕು?

ಅವರಿಗೆ ಬೇರೆ ಕೆಲಸವಾದರೂ ಏನಿತ್ತು? ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಮಾವ ನರಸಪ್ಪನವರು ಐದು ಮಹಡಿಯ ಪಿಜಿ ಕಟ್ಟಿಸಿದರು. ನೆಲಮಹಡಿ ನಮಗೆ. ಅತ್ತೆಯ ಕೋಣೆಯ ಕಿಟಕಿ ತೆಗೆದು ಕೈ ಚಾಚಿದರೆ ಪಕ್ಕದ ಕಟ್ಟಡದ ಗೋಡೆ ತಾಗುತ್ತದೆ. ಮಟಮಟ ಮಧ್ಯಾಹ್ನವೂ ಲೈಟು ಬೇಕು. ಬಾಗಿಲು ದಾಟಿದರೆ ನೀರಿನ ಟ್ಯಾಂಕರು, ಕ್ಯಾಬು, ಡೆಲಿವರಿ ಬೈಕು. ರಸ್ತೆ ದಾಟಲು ಹೆದರಿ ಅವರು ಹೊರಗೆ ಹೋಗುವುದನ್ನೇ ಬಿಟ್ಟಿದ್ದರು. ಊರ ಕೆರೆ ಇದ್ದ ಜಾಗದಲ್ಲಿ ಈಗ ಲೇಔಟು ಇದೆ. ಮಾವ ತೀರಿಕೊಂಡು ನಾಲ್ಕು ವರ್ಷವಾಯಿತು.

ಸೊಪ್ಪು ಬಿಡಿಸುತ್ತಾ ಅತ್ತೆ ಆ ಕಥೆಯನ್ನು ನನಗೆ ನೂರು ಸಲವಾದರೂ ಹೇಳಿದ್ದಾರೆ.

"ಒಬ್ಬ ಮುದುಕಿ ಕಣೆ, ಎಂಟನೇ ಮಾಳಿಗೆ ಮೇಲೆ ಒಬ್ಳೇ ಕುಂತವ್ಳೆ. ಆಮ್ಯಾಕೆ ಸತ್ತೋಗಿದ್ದ ಗಂಡ ಆಸಿಗೆಯಿಂದ ಎದ್ದು ಕುಂತ್ಕತಾನೆ. ಜೆಸಿಬಿ ಬಂದು ಬಿದ್ದೋದ ಮನೇನ ಎತ್ತಿ ನಿಲ್ಲಿಸ್ತದೆ. ಮಣ್ಣೆಲ್ಲಾ ಲಾರಿ ಅತ್ಕಂಡು ಓಯ್ತದೆ, ಕೆರೆ ತುಂಬ್ತದೆ. ಕೊನೀಗೆ ಇಬ್ರೂ ಉಡುಗ ಉಡುಗಿ ಆಗಿ ಕೆರೆ ಏರಿ ಮೇಲೆ ಕುಂತವ್ರೆ."

ಹೇಳಿ ಮುಗಿಸುವಾಗ ಅವರ ಮುಖ ಅರಳುತ್ತಿತ್ತು. ನಮ್ಮ ಸೀರಿಯಲ್‌ಗಳಲ್ಲಿ ಸತ್ತವರು ವಾಪಸ್ ಬಂದರೆ ಮುಖಕ್ಕೆ ಪ್ಲಾಸ್ಟಿಕ್ ಸರ್ಜರಿ ಆಗಿರುತ್ತದೆ. ಇಲ್ಲಿ ಅಂಥ ಮೋಸವಿಲ್ಲ. ಜಪಾನಿನವರ ತಲೆಯೆಂದರೆ ತಲೆ ಎಂದು ನಾನೂ ಮೆಚ್ಚಿಕೊಳ್ಳುತ್ತಿದ್ದೆ.

ಕಳೆದ ತಿಂಗಳು ಅದೇ ಕಥೆ ಸಿನಿಮಾ ಆಗಿ, ಕನ್ನಡಕ್ಕೆ ಡಬ್ ಆಗಿ ಮಾಲ್‌ಗೆ ಬಂತು. ಮೊಬೈಲಿನಲ್ಲಿ ಪೋಸ್ಟರ್ ತೋರಿಸಿದ್ದೇ ತಡ, "ಕರ್ಕಂಡೋಗೆ ಕೃಪಾ, ಕೆರೆ ತುಂಬೋದನ್ನ ದೊಡ್ಡದಾಗಿ ನೋಡ್ಬೇಕು" ಎಂದು ಅತ್ತೆ ಹಟ ಹಿಡಿದರು. ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ರೇಷ್ಮೆ ಸೀರೆ ಉಟ್ಟರು. ಸಾಲಿನ ನಟ್ಟನಡುವೆ ನಮಗೆ ಸೀಟು ಸಿಕ್ಕಿತು.

ಸಿನಿಮಾ ಶುರುವಾಗಿದ್ದೇ ತುಂಬಿದ ಕೆರೆಯಿಂದ. ಏರಿಯ ಮೇಲೆ ಹುಡುಗ, ಹುಡುಗಿ.

"ಇದೇನೇ, ಕೊನೇದನ್ನ ಮೊದ್ಲೇ ತೋರಿಸ್ಬಿಟ್ರು? ಕೊನೇಲಿ ಇನ್ನೊಂದ್ಸಲ ತೋರಿಸ್ತಾರೇನೋ?" ಎಂದರು ಅತ್ತೆ.

"ತೋರಿಸ್ತಾರೆ, ಇರಿ ಅತ್ತೆ," ಎಂದೆ.

ಅವರಿಬ್ಬರಿಗೆ ಮದುವೆಯಾಯಿತು, ಮನೆ ಕಟ್ಟಿದರು, ತಲೆ ನರೆಯಿತು. ಇಂಟರ್ವಲ್‌ಗೆ ಸರಿಯಾಗಿ ಕೆರೆಗೆ ಮೊದಲ ಲಾರಿ ಮಣ್ಣು ಬಿತ್ತು.

ಅನುಮಾನ ಬಂದು ಮೊಬೈಲಿನಲ್ಲಿ ಹುಡುಕಿದೆ. ಮಾಂಗಾವನ್ನು ನಮ್ಮ ಪುಸ್ತಕದಂತೆ ತೆರೆಯಬಾರದಂತೆ. ನಮಗೆ ಮೊದಲ ಪುಟ ಯಾವುದೋ ಅದೇ ಅವರಿಗೆ ಕೊನೆಯದು. ಅತ್ತೆ ಇಡೀ ಕಥೆಯನ್ನು ಕೊನೆಯಿಂದ ಮೊದಲಿಗೆ ಓದಿದ್ದರು! ಮುಂದೆ ಬರುವುದೇನೆಂದು ಈಗ ನನಗೆ ಗೊತ್ತಿತ್ತು.

"ಅತ್ತೆ, ತುಂಬಾ ತಲೆನೋವು. ಮನೆಗೆ ಹೋಗ್ಬಿಡೋಣ."

"ಸುಮ್ಕಿರು, ಈಗ್ಲೇ ತಿರುಗೋದು," ಎಂದರು.

ತಿರುಗಲಿಲ್ಲ. ಮನೆ ಬಿತ್ತು. ಗಂಡ ಹಾಸಿಗೆ ಹಿಡಿದ. ಅತ್ತೆ ದಡಕ್ಕನೆ ಎದ್ದು ಹೊರಗೆ ಹೋಗಲು ಆ ಕಡೆ ಈ ಕಡೆ ನೋಡಿದರು. ಎರಡೂ ಕಡೆ ಚಾಚಿದ ಕಾಲುಗಳು, ಮಡಿಲಲ್ಲಿ ಪಾಪ್‌ಕಾರ್ನ್. "ಕೂತ್ಕೊಳ್ಳಿ ಆಂಟಿ, ಕಾಣ್ತಿಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅತ್ತೆ ಕೂತರು. ನನ್ನ ಮುಂಗೈ ಹಿಡಿದವರು ಪರದೆಯ ಮೇಲಿನ ಮುದುಕ ಸಾಯುವವರೆಗೂ ಬಿಡಲಿಲ್ಲ. ಈ ಸಿನಿಮಾ ತೆಗೆದವರ ಮನೆ ಹಾಳಾಗ ಎಂದು ಮನಸ್ಸಿನಲ್ಲೇ ಶಪಿಸಿದೆ. ಪಾಪ, ಅವರದೇನೂ ತಪ್ಪಿರಲಿಲ್ಲ.

ವಾಪಸ್ ಬರುವಾಗ ಆಟೊದಲ್ಲಿ ನನಗೆ ಅಳು ಬಂದಂತಾಗಿ, "ಕಥೆ ಪೂರ್ತಿ ಕೆಡಿಸಿದ್ದಾರೆ ಅತ್ತೆ. ಪುಸ್ತಕದಲ್ಲಿ ಇರೋ ಹಾಗೆ ತೆಗೆದೇ ಇಲ್ಲ," ಎಂದು ಸುಳ್ಳು ಹೇಳಿದೆ.

"ಇಲ್ಲ ಕಣೆ, ಸರಿಯಾಗೇ ತೆಗ್ದವ್ರೆ. ಉಲ್ಟಾ ಓದ್ತಾ ಇವ್ನಿ ಅಂತ ಎರಡ್ನೇ ಸಲಕ್ಕೇ ನಂಗೆ ಗೊತ್ತಾಯ್ತು. ಮುಚ್ಚೋಗಿದ್ದ ಕೆರೆ ಅಂಗೆಲ್ಲಾ ವಾಪಸ್ ಬತ್ತದಾ? ನಮ್ದು ಓಗಿದ್ದನ್ನ ನಾನೇ ನಿಂತು ನೋಡಿಲ್ವಾ?"

"ಮತ್ತೆ ಯಾಕೆ ಬಂದ್ರಿ ಅತ್ತೆ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಅಷ್ಟೊಂದು ದೊಡ್ಡೋರು, ಅಷ್ಟೊಂದು ದುಡ್ಡು ಸುರ್ದು ತೆಗೀತಾರೆ. ಅವ್ರ ಕೈಲಾದ್ರೂ ತಿರುಗ್ಸಕ್ಕೆ ಆಯ್ತದೇನೋ ಅಂತ."